ಹದಿನಾಲ್ಕು ಕೋಲುಗಳ ಚೀಲ

2025ರ ಅಕ್ಟೋಬರ್‌ನಲ್ಲಿ ದೆಹಲಿ ಗಾಲ್ಫ್ ಕ್ಲಬ್ಬಿನ ಲೋಧಿ ಅಂಗಳದಲ್ಲಿ ನಡೆದ ಅಂತರರಾಷ್ಟ್ರೀಯ ಪಂದ್ಯಾವಳಿಗೆ ರೋರಿ ಮೆಕಿಲ್‌ರಾಯ್ ಬಂದಿದ್ದರು. ಅದೇ ವರ್ಷದ ಏಪ್ರಿಲ್‌ನಲ್ಲಿ ಮಾಸ್ಟರ್ಸ್ ಗೆದ್ದವರು. ಇಂದಿನ ಆಟಗಾರರಲ್ಲಿ ಚೆಂಡನ್ನು ಅತಿ ದೂರ ಅಟ್ಟಬಲ್ಲ ಕೆಲವರಲ್ಲಿ ಒಬ್ಬರು. ಆ ವಾರ ಅವರ ಚೀಲದಲ್ಲಿ ಡ್ರೈವರ್ ಇರಲಿಲ್ಲ. ಲೋಧಿ ಅಂಗಳವನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಹಳೆಯ ಗುಮ್ಮಟಗಳ, ನವಿಲುಗಳ ನಡುವೆ ಹರಡಿಕೊಂಡಿರುವ ಆ ಅಂಗಳದಲ್ಲಿ ಫೇರ್‌ವೇಗಳು ಇಕ್ಕಟ್ಟು, ಎರಡು ಮಗ್ಗುಲಿನ ಪೊದೆಗಳು ದಟ್ಟ. ಅಲ್ಲಿ ಮೂವತ್ತು ಗಜ ಹೆಚ್ಚು ದೂರ ಹೋಗುವುದಕ್ಕಿಂತ ಹತ್ತು ಗಜ ಕಡಿಮೆ ಸೊಟ್ಟಗಾಗುವುದು ಮುಖ್ಯ. ಆಶ್ಚರ್ಯಪಡಬೇಕಾದದ್ದು ಬೇರೆ ಇದೆ. ಅಂಥ ಆಟಗಾರನೇ ತನ್ನ ಅತ್ಯಂತ ಉದ್ದನೆಯ ಆಯುಧವನ್ನು ಬಿಟ್ಟು ಬರುವಾಗ, ನಮ್ಮ ಭಾನುವಾರದ ಆಟಗಾರರು ಮಾತ್ರ ಡ್ರೈವರು, ಮೂರನೇ ವುಡ್ಡು, ಐದನೇ ವುಡ್ಡು, ಮೂರನೇ ಐರನ್ನು, ನಾಲ್ಕನೇ ಐರನ್ನು ಎಲ್ಲವನ್ನೂ ಒಂದನ್ನೂ ಬಿಡದೆ ಹೊರಿಸಿಕೊಂಡು ಬರುತ್ತಾರೆ. ಈ ಉದ್ದನೆಯ ಕೋಲುಗಳಲ್ಲಿ ಅರ್ಧದಷ್ಟು ಚೀಲದಲ್ಲಿರುವುದು ಆಟಕ್ಕಾಗಿ ಅಲ್ಲ, ಅಭಿಮಾನಕ್ಕಾಗಿ ಎಂಬುದು ನನ್ನ ವಾದ.

ಕ್ಲಬ್ ಎಂಬ ಮಾತು ಗಾಲ್ಫಿನಲ್ಲಿ ಸಂಸ್ಥೆಗೂ ಸಲ್ಲುತ್ತದೆ, ಚೆಂಡು ಹೊಡೆಯುವ ಸಾಧನಕ್ಕೂ ಸಲ್ಲುತ್ತದೆ. ಗೊಂದಲ ಬೇಡವೆಂದು ಸಾಧನವನ್ನು ಇಲ್ಲಿ ಕೋಲು ಎಂದೇ ಕರೆಯುತ್ತೇನೆ. ಚಿನ್ನಿದಾಂಡು ಆಡಿ ಬೆಳೆದ ನಮಗೆ ಒಂದೇ ದಾಂಡಿನಲ್ಲಿ ಎಲ್ಲ ಕೆಲಸವನ್ನೂ ಮಾಡಿ ಅಭ್ಯಾಸ. ಗಾಲ್ಫ್ ಹಾಗಲ್ಲ. ಪ್ರತಿ ಕೋಲಿಗೂ ಒಂದು ಉದ್ದ, ಅದರ ಮುಖಕ್ಕೆ ಒಂದು ಓರೆ. ಓರೆ ಹೆಚ್ಚಿದಷ್ಟೂ ಚೆಂಡು ಎತ್ತರಕ್ಕೆ ಏರುತ್ತದೆ, ಹತ್ತಿರದಲ್ಲೇ ಬೀಳುತ್ತದೆ. ಓರೆ ಕಡಿಮೆಯಾಗಿ ಹಿಡಿಕೆ ಉದ್ದವಾದಷ್ಟೂ ಚೆಂಡು ದೂರ ಹೋಗಬೇಕು. ಈ ‘ಬೇಕು’ ಎಂಬಲ್ಲೇ ತೊಡಕಿರುವುದು.

ಚೀಲದಲ್ಲಿ ಎಷ್ಟು ಕೋಲುಗಳಿರಬಹುದು ಎಂಬುದಕ್ಕೆ ಬಹುಕಾಲ ಮಿತಿಯೇ ಇರಲಿಲ್ಲ. 1916ರಲ್ಲಿ ಚಿಕ್ ಇವಾನ್ಸ್ ಕೇವಲ ಏಳು ಕೋಲುಗಳಿಂದ ಅಮೆರಿಕದ ಓಪನ್ ಗೆದ್ದರು. ಆಮೇಲೆ ಉಕ್ಕಿನ ಹಿಡಿಕೆ ಬಂತು, ಒಂದೇ ಅಚ್ಚಿನ ಜೋಡಣೆಗಳು ಅಂಗಡಿಗೆ ಬಂದವು. 1930ರ ದಶಕದ ನಡುವಿನಲ್ಲಿ ಲಾಸನ್ ಲಿಟ್ಲ್ ಎಂಬ ಅಮೆರಿಕದ ಆಟಗಾರರ ಚೀಲದಲ್ಲಿ 30ರ ಆಸುಪಾಸಿನಷ್ಟು ಕೋಲುಗಳಿದ್ದವು. ಕೈಚಳಕದಿಂದ ಹುಟ್ಟಬೇಕಾದ ಹೊಡೆತವನ್ನು ಆಟಗಾರರು ಅಂಗಡಿಯಲ್ಲಿ ಕೊಳ್ಳತೊಡಗಿದ್ದಾರೆ ಎಂಬ ಆಕ್ಷೇಪ ಎದ್ದಿತು. 1938ರಲ್ಲಿ ಅಮೆರಿಕದ ಗಾಲ್ಫ್ ಸಂಸ್ಥೆಯೂ ಮರುವರ್ಷ ಸೇಂಟ್ ಆಂಡ್ರೂಸ್‌ನ ಆರ್ ಅಂಡ್ ಎ ಸಂಸ್ಥೆಯೂ ಹದಿನಾಲ್ಕರ ಮಿತಿಯನ್ನು ಹಾಕಿದವು. ಅದು ಗರಿಷ್ಠ ಮಿತಿ. ಹದಿನಾಲ್ಕನ್ನೂ ತುಂಬಲೇಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ. ಆದರೆ ಮಿತಿ ಎಂದು ಹಾಕಿದ್ದನ್ನು ಹಕ್ಕು ಎಂದು ಓದುವುದು ಮನುಷ್ಯ ಸ್ವಭಾವ.

ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಜಗತ್ತು 2001ರಲ್ಲಿ ಕಂಡಿತು. ರಾಯಲ್ ಲಿದಮ್ ಅಂಗಳದ ಬ್ರಿಟಿಷ್ ಓಪನ್‌ನಲ್ಲಿ ಕೊನೆಯ ದಿನ ಇಯಾನ್ ವೂಸ್ನಮ್ ಜಂಟಿ ಅಗ್ರಸ್ಥಾನದಿಂದ ಆಟಕ್ಕಿಳಿದರು. ಮೊದಲ ಗುಳಿಯಲ್ಲಿ ಟೀ ಹೊಡೆತವೇ ಗುಳಿಯ ಅಂಚಿಗೆ ಹೋಗಿ ನಿಂತು ಬರ್ಡಿ ದೊರೆಯಿತು. ಎರಡನೇ ಟೀಯಲ್ಲಿ ನೋಡಿದರೆ ಚೀಲದಲ್ಲಿ ಹದಿನೈದು ಕೋಲುಗಳು. ಅಭ್ಯಾಸದ ವೇಳೆ ಪರೀಕ್ಷಿಸುತ್ತಿದ್ದ ಎರಡನೇ ಡ್ರೈವರ್ ಚೀಲದಲ್ಲೇ ಉಳಿದುಬಿಟ್ಟಿತ್ತು. ಎರಡು ಹೊಡೆತಗಳ ದಂಡ ಬಿತ್ತು, ಕೊನೆಗೆ ದಕ್ಕಿದ್ದು ಜಂಟಿ ಮೂರನೇ ಸ್ಥಾನ. ಹೆಚ್ಚುವರಿ ಕೋಲು ಒಂದು ವೆಜ್ ಆಗಿರಬಹುದಿತ್ತು, ಪಟರ್ ಆಗಿರಬಹುದಿತ್ತು, ಆದದ್ದು ಡ್ರೈವರ್. ಆಟಗಾರನ ಮನಸ್ಸು ತೀರ್ಮಾನಕ್ಕೆ ಬಾರದೆ ತೂಗಾಡುವುದು ಸಾಮಾನ್ಯವಾಗಿ ಚೀಲದ ಈ ಉದ್ದನೆಯ ತುದಿಯಲ್ಲೇ.

ಆಯ್ಕೆ ಎಂದರೆ ಏನನ್ನು ತರಬೇಕು ಎಂಬುದಷ್ಟೇ ಅಲ್ಲ, ಏನನ್ನು ಬಿಡಬೇಕು ಎಂಬುದೂ ಹೌದು. ಭೀಕರ ಕಾರು ಅಪಘಾತವಾಗಿ ಹದಿನಾರು ತಿಂಗಳಿಗೆ, 1950ರಲ್ಲಿ, ಬೆನ್ ಹೋಗನ್ ಮೆರಿಯನ್ ಅಂಗಳದಲ್ಲಿ ಅಮೆರಿಕದ ಓಪನ್ ಗೆದ್ದರು. ಕೊನೆಯ ಗುಳಿಯಲ್ಲಿ ಉದ್ದನೆಯ ಐರನ್‌ನಿಂದ ಅವರು ಗ್ರೀನಿಗೆ ಹೊಡೆದ ಹೊಡೆತದ ಛಾಯಾಚಿತ್ರವನ್ನು ಗಾಲ್ಫ್ ಬಲ್ಲವರೆಲ್ಲ ನೋಡಿದ್ದಾರೆ. ಆ ಉದ್ದನೆಯ ಐರನ್‌ಗೆ ಜಾಗ ಮಾಡಲು ಹೋಗನ್ ಕೈಬಿಟ್ಟದ್ದು ಏಳನೇ ಐರನ್ನನ್ನು. ಮೆರಿಯನ್‌ನಲ್ಲಿ ಏಳನೇ ಐರನ್ ಬೇಡುವ ಹೊಡೆತವೇ ಇಲ್ಲ ಎಂದು ಅವರು ಕಾರಣ ಕೊಟ್ಟರಂತೆ. ಇದಕ್ಕೆ ತಿರುಗುಮುರುಗಾದ ನಿದರ್ಶನವನ್ನು ಟೈಗರ್ ವುಡ್ಸ್ 2006ರಲ್ಲಿ ಕೊಟ್ಟರು. ಹಾಯ್‌ಲೇಕ್‌ನ ಅಂಗಳ ಆ ಬೇಸಿಗೆಯಲ್ಲಿ ಒಣಗಿ ಗಟ್ಟಿಯಾಗಿತ್ತು, ಬಿದ್ದ ಚೆಂಡು ಉರುಳುತ್ತಲೇ ಇತ್ತು. ನಾಲ್ಕು ದಿನಗಳ 72 ಗುಳಿಗಳಲ್ಲಿ ಅವರು ಡ್ರೈವರ್ ಹಿಡಿದದ್ದು ಒಮ್ಮೆ ಮಾತ್ರ. ಪ್ರಶಸ್ತಿ ಅವರಿಗೇ ಬಂತು. ಒಬ್ಬರು ಉದ್ದನೆಯ ಕೋಲಿಗಾಗಿ ಗಿಡ್ಡನೆಯದನ್ನು ಬಿಟ್ಟರು, ಇನ್ನೊಬ್ಬರು ಅತ್ಯಂತ ಉದ್ದನೆಯದನ್ನು ಚೀಲದಲ್ಲಿಟ್ಟುಕೊಂಡೂ ದೂರವಿಟ್ಟರು. ಇಬ್ಬರೂ ಅಂಗಳವನ್ನು ನೋಡಿ, ತಮ್ಮನ್ನು ತಾವು ನೋಡಿಕೊಂಡು ತೀರ್ಮಾನಿಸಿದರು.

ಹಾಗಾದರೆ ಮೆಕಿಲ್‌ರಾಯ್ ಮಾಡಿದಂತೆ ನಾವೂ ಡ್ರೈವರ್ ಬಿಡಬೇಕೇ? ಬೇಡ. ಅವರು ಅದನ್ನು ಬಿಟ್ಟದ್ದು ಮಿಕ್ಕ ಕೋಲುಗಳಲ್ಲೂ ಸಾಕಷ್ಟು ದೂರ ಹೋಗಬಲ್ಲರಾದ್ದರಿಂದ. ನಮ್ಮಲ್ಲಿ ಹೆಚ್ಚಿನವರಿಗೆ ಆ ಸೌಲಭ್ಯವಿಲ್ಲ. ನಾವು ನೋಡಬೇಕಾದ ಆಟ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅವರದು. ಟೋಕಿಯೊ ಒಲಿಂಪಿಕ್ಸ್ ನಡೆದದ್ದು 2021ರಲ್ಲಿ. ಆ ವರ್ಷ ಕೋವಿಡ್‌ನಿಂದ ಬಳಲಿ ಚೇತರಿಸಿಕೊಂಡಿದ್ದ ಅವರು ಟೀ ಹೊಡೆತದ ದೂರದಲ್ಲಿ ತೀರಾ ಹಿಂದಿನವರ ಸಾಲಿನಲ್ಲಿದ್ದರು. ತಾಯಿಯೇ ಕ್ಯಾಡಿ. ಆದರೂ ಕೊನೆಯ ದಿನದವರೆಗೂ ಪದಕದ ಪೈಪೋಟಿಯಲ್ಲಿದ್ದು ನಾಲ್ಕನೆಯವರಾದರು. ಇತರರು ಗಿಡ್ಡನೆಯ ಐರನ್‌ನಿಂದ ಗ್ರೀನಿಗೆ ಹೊಡೆಯುವ ಕಡೆ ಅವರು ಹೈಬ್ರಿಡ್ಡೋ ಫೇರ್‌ವೇ ವುಡ್ಡೋ ಹಿಡಿಯಬೇಕಾಗುತ್ತಿತ್ತು. ಕಡಿಮೆ ದೂರ ಹೊಡೆಯುವವರಿಗೆ ಉದ್ದನೆಯ ಕೋಲು ಶೋಭೆಯ ವಸ್ತುವಲ್ಲ, ದುಡಿಮೆಯ ವಸ್ತು. ಟೀಯಿಂದ ಅಬ್ಬರಿಸುವುದಕ್ಕಲ್ಲ, ಗ್ರೀನಿನ ಮೇಲೆ ಮೆತ್ತಗೆ ಇಳಿಸುವುದಕ್ಕೆ ಅದು ಬೇಕು. ಅಂಥವರು ಉದ್ದನೆಯ ಕೋಲುಗಳನ್ನು ಇನ್ನೂ ಎಚ್ಚರಿಕೆಯಿಂದ ಆರಿಸಬೇಕು.

ಇಲ್ಲಿ ಬೀಸಿನ ವೇಗದ ಮಾತು ಬರುತ್ತದೆ. ಕಡಿಮೆ ಓರೆಯ ಕೋಲು ಚೆಂಡನ್ನು ದೂರ ಒಯ್ಯಬೇಕಾದರೆ ಮೊದಲು ಅದನ್ನು ಸಾಕಷ್ಟು ಎತ್ತರಕ್ಕೆ ಏರಿಸಬೇಕು. ಅದಕ್ಕೆ ವೇಗ ಬೇಕು. ವೇಗವಿಲ್ಲದ ಬೀಸಿನಲ್ಲಿ ಮೂರನೇ, ನಾಲ್ಕನೇ, ಐದನೇ ಐರನ್‌ಗಳು ಹೆಚ್ಚುಕಡಿಮೆ ಒಂದೇ ಕಡೆ ಚೆಂಡನ್ನು ಬೀಳಿಸುತ್ತವೆ. ಹೆಸರು ಮೂರು, ಕೆಲಸ ಒಂದು. ಹದಿನೈದು ಡಿಗ್ರಿಯ ಆಸುಪಾಸಿನ ಓರೆಯ ಮೂರನೇ ವುಡ್ಡಿನ ಕಥೆಯೂ ಇದೇ. ಟೀಯ ಮೇಲಿಟ್ಟ ಚೆಂಡಿಗೆ ಅದು ಒಗ್ಗೀತು. ನೆಲದ ಮೇಲಿನ ಚೆಂಡನ್ನು ಅದರಿಂದ ಎತ್ತುವುದು ವೃತ್ತಿಪರರಿಗೆ ಸುಲಭ, ನಮಗಲ್ಲ. ಹದಿನೆಂಟು ಡಿಗ್ರಿಯ ಐದನೇ ವುಡ್ಡು ಅಥವಾ ಇಪ್ಪತ್ತೊಂದರ ಏಳನೇ ವುಡ್ಡು ನಮ್ಮ ಕೈಯಲ್ಲಿ ಅಷ್ಟೇ ದೂರ ಹೋಗುತ್ತದೆ, ಹತ್ತರಲ್ಲಿ ಏಳು ಸಲ ಹೋಗುತ್ತದೆ, ಬಿದ್ದ ಕಡೆ ನಿಲ್ಲುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಗೆ ಗಾಲ್ಫಿನಲ್ಲಿ ಇದಕ್ಕಿಂತ ಒಳ್ಳೆಯ ಅನ್ವಯ ಸಿಗಲಾರದು.

ಆದ್ದರಿಂದ ನನ್ನ ಸಲಹೆ ಹೀಗಿದೆ. ಓರೆ ತುಸು ಹೆಚ್ಚಿರುವ ಒಂದು ಡ್ರೈವರ್, ಐದನೇ ಇಲ್ಲವೇ ಏಳನೇ ವುಡ್ಡು, ಒಂದು ಅಥವಾ ಎರಡು ಹೈಬ್ರಿಡ್ಡು. ಉದ್ದನೆಯ ಕೋಲು ಇಷ್ಟು ಸಾಕು. ಮೂರನೇ ವುಡ್ಡನ್ನೂ ಐದನೆಯದಕ್ಕಿಂತ ಉದ್ದನೆಯ ಐರನ್‌ಗಳನ್ನೂ ಮನೆಯಲ್ಲಿ ಬಿಡಿ. ಅಭ್ಯಾಸ ಮಾಡಿದರೆ ಯಾವ ಕೋಲಾದರೂ ಒಲಿಯುತ್ತದೆ ಎಂಬ ಪ್ರತಿವಾದ ಉಂಟು. ಒಲಿಯಬಹುದು. ಆದರೆ ವಾರಕ್ಕೊಂದು ಸಲ ಆಡುವವನಿಗೆ ಸಿಗುವ ಅಭ್ಯಾಸದ ಗಂಟೆಗಳು ಬೆರಳೆಣಿಕೆಯಷ್ಟು. ಒಂದು ಸುತ್ತಿನಲ್ಲಿ ಎರಡು ಬಾರಿ ಕೈಗೆ ಬರುವ ಕೋಲಿನ ಮೇಲೆ ಅದನ್ನು ಸುರಿದರೆ, ಪ್ರತಿ ಗುಳಿಯಲ್ಲೂ ಬೇಕಾಗುವ ವೆಜ್ಜಿಗೂ ಪಟರಿಗೂ ಉಳಿಯುವುದೇನು?

ಅಂಗಡಿಯವರ ಮಾತಿಗೂ ಒಂದು ಉತ್ತರ ಬೇಕು. ವರ್ಷಕ್ಕೊಂದು ಹೊಸ ಡ್ರೈವರ್ ಬರುತ್ತದೆ, ಹಿಂದಿನದಕ್ಕಿಂತ ದೂರ ಹೋಗುತ್ತದೆ ಎಂದು ಜಾಹೀರಾತು ಸಾರುತ್ತದೆ. ಆದರೆ ಡ್ರೈವರ್ ತಲೆಯ ಗಾತ್ರಕ್ಕೆ 460 ಘನ ಸೆಂಟಿಮೀಟರಿನ ಮಿತಿ ಇದೆ. ಅದರ ಮುಖ ಚೆಂಡನ್ನು ಎಷ್ಟು ಪುಟಿಸಬಹುದು ಎಂಬುದಕ್ಕೂ ಮಿತಿ ಇದೆ. ಪಟರನ್ನು ಬಿಟ್ಟು ಯಾವ ಕೋಲೂ 48 ಅಂಗುಲ ಮೀರುವಂತಿಲ್ಲ. ಮೂರೂ ಮಿತಿಗಳು ಜಾರಿಗೆ ಬಂದು ಎರಡು ದಶಕ ಕಳೆದಿವೆ. ತಪ್ಪಿದ ಹೊಡೆತವನ್ನು ಹೊಸ ಕೋಲು ಹಳೆಯದಕ್ಕಿಂತ ಚೆನ್ನಾಗಿ ಮನ್ನಿಸೀತು. ಸರಿಯಾಗಿ ತಗುಲಿದ ಹೊಡೆತವನ್ನು ಅದು ಪ್ರತಿವರ್ಷ ಹತ್ತು ಗಜ ಮುಂದೆ ಒಯ್ಯುತ್ತದೆ ಎಂದು ನಂಬಲು ಕಾರಣವಿಲ್ಲ. ಐರನ್‌ಗಳ ಮೇಲಿನ ಅಂಕಿಯನ್ನೂ ಪೂರ್ತಿ ನಂಬಬೇಡಿ. ಇಂದಿನ ಅನೇಕ ಜೋಡಣೆಗಳಲ್ಲಿ ಏಳನೇ ಐರನ್ನಿನ ಓರೆ ಹಿಂದಿನ ಆರನೆಯದಕ್ಕೋ ಐದನೆಯದಕ್ಕೋ ಸಮ.

ಊರು ಬಿಟ್ಟು ಬಂದ ನಮಗೆ ಇನ್ನೊಂದು ಲೆಕ್ಕವೂ ಇದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿ ತುಸು ತೆಳು. ಅಲ್ಲಿ ಕಲಿತ ಗಜಗಳ ಲೆಕ್ಕ ಮುಂಬಯಿಯಲ್ಲೂ ಚೆನ್ನೈಯಲ್ಲೂ ಹಾಗೆಯೇ ನಿಲ್ಲುವುದಿಲ್ಲ, ಚೆಂಡು ಕೆಲವು ಗಜ ಹಿಂದೆಯೇ ಬೀಳುತ್ತದೆ. ಮುಂಬಯಿಯ ಮಳೆಗಾಲದಲ್ಲಂತೂ ನೆಲ ನೆನೆದು ಚೆಂಡು ಉರುಳುವುದೇ ಇಲ್ಲ. ಗಾಳಿಯಲ್ಲಿ ಹಾರಿದ ದೂರವಷ್ಟೇ ಗಳಿಕೆ. ಆಗ ಏಳನೇ ವುಡ್ಡಿಗೆ ಬೆಲೆ ಬರುತ್ತದೆ. ಪುಣೆಯ ಏಪ್ರಿಲ್‌ನಲ್ಲಿ ನೆಲ ಗಟ್ಟಿಯಾದಾಗ ತಗ್ಗಾಗಿ ಓಡುವ ಹೊಡೆತವೂ ಸಾಕಾದೀತು. ಚೀಲ ಋತುವಿಗೊಮ್ಮೆ ಬದಲಾದರೆ ತಪ್ಪೇನಿಲ್ಲ.

ಇಷ್ಟೆಲ್ಲ ತಿಳಿದೂ ಕೋಲು ಬಿಡಲು ಮನಸ್ಸು ಒಪ್ಪದಿರುವುದಕ್ಕೆ ಕಾರಣ ತಾಂತ್ರಿಕವಲ್ಲ. ನಲವತ್ತರಲ್ಲಿ ಒಲಿದಿದ್ದ ಮೂರನೇ ಐರನ್ ಅರವತ್ತರಲ್ಲಿ ಒಲಿಯುವುದಿಲ್ಲ. ಅದನ್ನು ಚೀಲದಿಂದ ತೆಗೆಯುವುದೆಂದರೆ ಬೆನ್ನು ಮೊದಲಿನಂತೆ ತಿರುಗುವುದಿಲ್ಲ ಎಂದು ಗೆಳೆಯರ ಎದುರು ಒಪ್ಪಿಕೊಂಡಂತೆ. ಈ ಸಂಕೋಚ ಅರ್ಥವಾಗುವಂಥದೇ. ಆದರೆ ಗೆಳೆಯರ ಕಣ್ಣಿಗೆ ಬೀಳುವುದು ಚೀಲದಲ್ಲಿರುವ ಕೋಲಲ್ಲ, ಆ ಕೋಲಿನಿಂದ ನೂರು ಗಜ ದೂರದ ಪೊದೆಗೆ ಹೋದ ಚೆಂಡು. ಎಪ್ಪತ್ತರ ಹಿರಿಯರೊಬ್ಬರು ಏಳನೇ ವುಡ್ಡಿನಿಂದ ಗ್ರೀನಿನ ಮೇಲೆ ಚೆಂಡು ಇಳಿಸಿದಾಗ ಯಾರೂ ಅವರ ವಯಸ್ಸನ್ನು ಲೆಕ್ಕ ಹಾಕುವುದಿಲ್ಲ.

ನಮ್ಮ ದೇಶದ ಅಂಗಳಗಳಲ್ಲಿ ಈ ಎಲ್ಲವನ್ನೂ ಬಲ್ಲ ಇನ್ನೊಬ್ಬ ವ್ಯಕ್ತಿ ಇರುತ್ತಾನೆ. ಚೀಲ ಹೊರುವ ಕ್ಯಾಡಿ. ಒಂದು ಕೋಲನ್ನು ತೆಗೆದರೆ ಅವನ ಹೆಗಲಿನಿಂದ ಇಳಿಯುವುದು ಮುನ್ನೂರು ಚಿಲ್ಲರೆ ಗ್ರಾಂ ಮಾತ್ರ, ಅದನ್ನೇ ದೊಡ್ಡ ಉಪಕಾರವೆಂದು ಹೇಳಿಕೊಳ್ಳುವಂತಿಲ್ಲ. ಆದರೆ ಯಾವ ಕೋಲು ವಾರಗಟ್ಟಲೆ ಚೀಲದಿಂದ ಹೊರಬಂದಿಲ್ಲ, ಯಾವುದು ಹೊರಬಂದಾಗಲೆಲ್ಲ ಚೆಂಡು ಹುಡುಕುವ ಕೆಲಸ ಬರುತ್ತದೆ ಎಂಬುದು ಅವನಿಗೆ ಗೊತ್ತು. ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಚೀಲ ಹೊತ್ತವರು ಆಟವನ್ನು ಎಷ್ಟು ಬಲ್ಲರು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ನಾವು ಅವರನ್ನು ದೂರ ಎಷ್ಟು ಎಂದು ಕೇಳುತ್ತೇವೆ, ಗಾಳಿ ಯಾವ ಕಡೆ ಎಂದು ಕೇಳುತ್ತೇವೆ. ಈ ಚೀಲದಲ್ಲಿ ಯಾವುದು ಬೇಡ ಎಂದು ಕೇಳುವುದಿಲ್ಲ.

ಕೇಳಿ ನೋಡಿ. ಜೊತೆಗೆ ಒಂದು ಸಣ್ಣ ಪರೀಕ್ಷೆಯನ್ನೂ ಮಾಡಿ. ಚಾಪೆಯ ಮೇಲಿಂದಲ್ಲ, ಹುಲ್ಲಿನ ಮೇಲಿಂದ, ಪ್ರತಿ ಉದ್ದನೆಯ ಕೋಲಿನಲ್ಲಿ ಹತ್ತು ಚೆಂಡು ಹೊಡೆಯಿರಿ. ಅತ್ಯುತ್ತಮವಾದ ಎರಡನ್ನೂ ಅತಿ ಕೆಟ್ಟ ಎರಡನ್ನೂ ಬಿಟ್ಟು ಉಳಿದ ಆರು ಎಲ್ಲಿ ಬಿದ್ದವು ಎಂದು ಗುರುತಿಸಿ. ಎರಡು ಕೋಲುಗಳ ನಡುವೆ ಹತ್ತು ಗಜದ ಅಂತರವೂ ಇಲ್ಲವಾದರೆ ಅವುಗಳಲ್ಲಿ ಹೊಡೆಯಲು ಕಷ್ಟವಾದದ್ದನ್ನು ನಾಲ್ಕು ಭಾನುವಾರ ಮನೆಯಲ್ಲಿ ಬಿಟ್ಟು ಆಡಿ. ಎಷ್ಟು ಸಲ ಅದು ನಿಜವಾಗಿಯೂ ಬೇಕೆನಿಸಿತು ಎಂದು ಅಂಕಪಟ್ಟಿಯ ಅಂಚಿನಲ್ಲಿ ಬರೆದಿಡಿ. ಅಗತ್ಯವೆಂದು ಕಂಡರೆ ಐದನೇ ಭಾನುವಾರ ಅದನ್ನು ಮತ್ತೆ ಚೀಲಕ್ಕೆ ಹಾಕಬಹುದು, ನಿಯಮ ಅಡ್ಡಬರುವುದಿಲ್ಲ.