ಪದವಿಯ ತಕ್ಕಡಿಗೆ ಮುದ್ರೆ ಒತ್ತುವವರು ಯಾರು?

ಹತ್ತು ಕಿಲೋ ಅಕ್ಕಿ ತೂಗುವ ಕಿರಾಣಿ ಅಂಗಡಿಯವನು ತನ್ನ ಎಲೆಕ್ಟ್ರಾನಿಕ್ ತಕ್ಕಡಿಯನ್ನು ವರ್ಷಕ್ಕೊಮ್ಮೆ ಸರಕಾರದ ಮಾಪನ ಇಲಾಖೆಯವರಿಗೆ ತೋರಿಸಿ ಮುದ್ರೆ ಹಾಕಿಸಿಕೊಳ್ಳಬೇಕು. ಮುದ್ರೆಯಿಲ್ಲದ ತಕ್ಕಡಿ ಇಟ್ಟರೆ ದಂಡ ತೆರಬೇಕು. ಇದು ನ್ಯಾಯವೇ ಸರಿ. ಆದರೆ ಲಕ್ಷಾಂತರ ರೂಪಾಯಿ ಪಡೆದು ಪದವಿ ಕೊಡುವ ಸಂಸ್ಥೆಯೊಂದು ತಾನೇ ಪಾಠ ಗೊತ್ತುಮಾಡಿ, ತಾನೇ ಪ್ರಶ್ನೆಪತ್ರಿಕೆ ಬರೆದು, ತಾನೇ ಅಂಕ ಹಾಕಿ, ತಾನೇ ಪದವಿಪತ್ರ ಕೈಗಿಡುವಾಗ ಅದರ ತಕ್ಕಡಿಗೆ ಮುದ್ರೆ ಒತ್ತುವವರು ಯಾರು? ಪಿ.ಯು. ಫಲಿತಾಂಶ ಬಂದೊಡನೆ ಮಕ್ಕಳ ಕೈಹಿಡಿದು ಬೆಂಗಳೂರಿನ ಬಸ್ಸು ಹತ್ತುವ ನಮ್ಮ ವಾಚಕರು ಈ ಪ್ರಶ್ನೆಯನ್ನು ಮೊದಲು ಕೇಳಬೇಕೆಂದು ನಮ್ಮ ಅಭಿಪ್ರಾಯ.

ಖಾಸಗಿ ವಿಶ್ವವಿದ್ಯಾನಿಲಯವೆಂಬುದು ಕರ್ನಾಟಕಕ್ಕೆ ಹೊಸತು. ೨೦೧೦ರಲ್ಲಿ ಅಲಯನ್ಸ್ ಮತ್ತು ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾನಿಲಯಗಳಿಗೆ ಶಾಸನಸಭೆ ಕಾಯಿದೆ ಮಾಡಿಕೊಟ್ಟಿತು. ಆಮೇಲೆ ಒಂದರ ಹಿಂದೊಂದು ಬಂದವು. ಪ್ರತಿಯೊಂದಕ್ಕೂ ಪ್ರತ್ಯೇಕ ಕಾಯಿದೆ. ಖಾಸಗಿ ಎಂದ ಮಾತ್ರಕ್ಕೆ ಅವೆಲ್ಲ ಕೆಟ್ಟವೆಂದು ನಾವು ಹೇಳುವುದಿಲ್ಲ. ಅವುಗಳಲ್ಲಿ ಒಳ್ಳೆಯ ಅಧ್ಯಾಪಕರಿದ್ದಾರೆ, ಶ್ರಮಪಟ್ಟು ಓದುವ ಮಕ್ಕಳಿದ್ದಾರೆ. ನಮ್ಮ ಆಕ್ಷೇಪಣೆ ಇರುವುದು ಲೆಕ್ಕ ಕೇಳುವವರಿಲ್ಲದ ವ್ಯವಸ್ಥೆಯ ಮೇಲೆ.

ಬೆಂಗಳೂರಿನ ಪಶ್ಚಿಮಕ್ಕೆ, ಕೆಂಗೇರಿಗೆ ಹೋಗುವ ಮೈಸೂರು ರಸ್ತೆಯನ್ನು ನೋಡೋಣ. ೧೯೬೪ರಲ್ಲಿ ಹುಟ್ಟಿದ ಬೆಂಗಳೂರು ವಿಶ್ವವಿದ್ಯಾನಿಲಯದ ಜ್ಞಾನಭಾರತಿ ಅಲ್ಲೇ ಇದೆ. ಅದೇ ರಸ್ತೆಯಲ್ಲಿ ರಾಷ್ಟ್ರೀಯ ಶಿಕ್ಷಣ ಸಮಿತಿ ಟ್ರಸ್ಟಿನ ಆರ್.ವಿ. ಇಂಜಿನಿಯರಿಂಗ್ ಕಾಲೇಜು ೧೯೬೩ರಿಂದ ನಡೆಯುತ್ತಿದೆ. ೧೯೪೦ರಲ್ಲಿ ಸ್ಥಾಪನೆಯಾದ ಅದೇ ಟ್ರಸ್ಟು ೨೦೧೯ರ ಕಾಯಿದೆಯ ಮೇಲೆ ಆರ್.ವಿ. ವಿಶ್ವವಿದ್ಯಾನಿಲಯವನ್ನು ತೆರೆದು ೨೦೨೧ರಲ್ಲಿ ಪಾಠ ಆರಂಭಿಸಿತು. ಹೆಸರು ಒಂದೇ, ಟ್ರಸ್ಟು ಒಂದೇ, ರಸ್ತೆ ಒಂದೇ. ವ್ಯವಸ್ಥೆ ಮಾತ್ರ ಎರಡು. ಕಾಲೇಜು ಸ್ವಾಯತ್ತವಾದರೂ ಅದರ ಪದವಿಯನ್ನು ಕೊಡುವುದು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯ. ಪಕ್ಕದ ವಿಶ್ವವಿದ್ಯಾನಿಲಯದ ಪದವಿಯನ್ನು ಅದೇ ಕೊಡುತ್ತದೆ. ಎರಡೂ ಕಾಯಿದೆಗೆ ಒಳಪಟ್ಟವೇ. ಆದರೆ ಊರಿನಿಂದ ಬಂದ ತಂದೆ ಫಲಕದ ಮೇಲಿನ ಎರಡಕ್ಷರ ನೋಡಿ ಎರಡೂ ಒಂದೇ ಎಂದುಕೊಂಡರೆ ಆಶ್ಚರ್ಯವಿಲ್ಲ. ಹಳೆಯ ಕಾಲೇಜು ಅರವತ್ತು ವರ್ಷ ಗಳಿಸಿದ ಹೆಸರನ್ನು ಹೊಸ ವಿಶ್ವವಿದ್ಯಾನಿಲಯ ತನ್ನ ಸ್ವಂತ ಕೆಲಸದಿಂದ ಮತ್ತೆ ಗಳಿಸಬೇಕು. ಎಲ್ಲ ಟ್ರಸ್ಟುಗಳಿಗೂ ಈ ಮಾತು ಅನ್ವಯಿಸುತ್ತದೆ. ಆದುದರಿಂದ ಕೇಳಬೇಕಾದ ಮೊದಲ ಪ್ರಶ್ನೆ: ಪದವಿಪತ್ರದ ಮೇಲೆ ಯಾವ ವಿಶ್ವವಿದ್ಯಾನಿಲಯದ ಹೆಸರಿರುತ್ತದೆ?

ಇನ್ನು ಪ್ರವೇಶದ ಮಾತು. ಈ ಕಾಯಿದೆಗಳಲ್ಲಿ ಬಡವನ ಪಾಲಿಗೆ ಒಂದು ಬಾಗಿಲು ಇದೆ. ಶೇಕಡ ೪೦ರಷ್ಟು ಸೀಟುಗಳು ಕರ್ನಾಟಕದ ವಿದ್ಯಾರ್ಥಿಗಳಿಗೆ ಸೇರಿದವು. ಅವನ್ನು ಸರಕಾರದ ಸಿ.ಇ.ಟಿ. ಮೂಲಕ, ಅರ್ಹತೆ ಮತ್ತು ಮೀಸಲಾತಿಯ ಕ್ರಮದಲ್ಲಿ ಹಂಚಬೇಕು. ಆಡಳಿತ ಮಂಡಳಿಯ ಸೀಟಿಗೂ ಈ ಸೀಟಿಗೂ ಶುಲ್ಕದಲ್ಲಿ ಭಾರೀ ಅಂತರ. ಹೀಗಿದ್ದರೂ ಏಜೆಂಟನ ಮಾತು ಕೇಳಿ, "ಸೀಟು ಮುಗಿದುಹೋಗುತ್ತದೆ" ಎಂಬ ಹೆದರಿಕೆಗೆ ಸಿಕ್ಕಿ, ಸಿ.ಇ.ಟಿ. ಸುತ್ತುಗಳು ಮುಗಿಯುವ ಮೊದಲೇ ಹಣ ಕಟ್ಟಿಬಿಡುವವರು ಎಷ್ಟೋ ಮಂದಿ. ಸಿ.ಇ.ಟಿ. ಸೀಟನ್ನು ಬೇರೆಯವರ ಹೆಸರಿನಲ್ಲಿ ಹಿಡಿದಿಟ್ಟು, ಕೊನೆಗೆ ಖಾಲಿ ಬಿಟ್ಟು, ಆಡಳಿತ ಮಂಡಳಿಯ ಕೈಗೆ ತಿರುಗಿಸುವ ದಂಧೆಯೂ ಉಂಟು. ೨೦೨೪ರಲ್ಲಿ ಇಂಜಿನಿಯರಿಂಗ್ ಸೀಟುಗಳ ವಿಷಯದಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರವೇ ಮಲ್ಲೇಶ್ವರದ ಪೊಲೀಸರಿಗೆ ದೂರು ಕೊಡಬೇಕಾಯಿತು. ಕೆಲವರ ಬಂಧನವೂ ಆಯಿತು. ಖಾಲಿ ಉಳಿದ ಒಂದೊಂದು ಸರಕಾರಿ ಸೀಟೂ ಯಾವುದೋ ಕೂಲಿಕಾರನ ಮಗಳ ಸೀಟು ಎಂಬುದನ್ನು ಮರೆಯಬಾರದು.

ಈ ಜಗಳ ಇಂದಿನದಲ್ಲ. ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸಿ ನಮ್ಮ ರಾಜ್ಯ ೧೯೮೪ರಲ್ಲೇ ಕಾಯಿದೆ ಮಾಡಿತು. ಆದರೂ ತುಮಕೂರಿನ ಒಂದು ವೈದ್ಯಕೀಯ ಕಾಲೇಜಿನ ವಿಚಾರ ೧೯೯೨ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತು. ಅಂದಿನ ಸರಕಾರಿ ಅಧಿಸೂಚನೆಯ ಪ್ರಕಾರ ವರ್ಷದ ಬೋಧನಾ ಶುಲ್ಕ ಸರಕಾರಿ ಸೀಟಿಗೆ ೨,೦೦೦ ರೂಪಾಯಿ, ಉಳಿದ ಕರ್ನಾಟಕದವರಿಗೆ ೨೫,೦೦೦, ಹೊರ ರಾಜ್ಯದವರಿಗೆ ೬೦,೦೦೦. ಇದು ಕ್ಯಾಪಿಟೇಶನ್ನೇ ಎಂದು ಮೋಹಿನಿ ಜೈನ್ ಮೊಕದ್ದಮೆಯಲ್ಲಿ ನ್ಯಾಯಾಲಯ ತೀರ್ಪು ಕೊಟ್ಟಿತು. ೨೦೦೨ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಖಾಸಗಿ ಸಂಸ್ಥೆಗಳಿಗೆ ತಮ್ಮ ಶುಲ್ಕ ಗೊತ್ತುಮಾಡುವ ಸ್ವಾತಂತ್ರ್ಯವನ್ನು ಕೊಟ್ಟಿತು. ಸಂಸ್ಥೆಯ ಬೆಳವಣಿಗೆಗೆ ಬೇಕಾದ ಮಿತವಾದ ಉಳಿತಾಯ ಇರಬಹುದು, ಆದರೆ ಲಾಭಕೋರತನ ಕೂಡದು ಎಂದೂ ಹೇಳಿತು. ಮಿತ ಎಲ್ಲಿ ಮುಗಿಯಿತು, ಲಾಭಕೋರತನ ಎಲ್ಲಿ ಶುರುವಾಯಿತು ಎಂಬುದನ್ನು ತಿಳಿಯಲು ಲೆಕ್ಕಪತ್ರ ಬೇಕು. ಅದು ವಿದ್ಯಾರ್ಥಿಯ ತಂದೆಯ ಕಣ್ಣಿಗೆ ಬೀಳುವುದೇ ಅಪರೂಪ.

ಖರ್ಚಿನ ಲೆಕ್ಕವನ್ನು ವ್ಯಾಪಾರಿಗಳಾದ ನಮ್ಮ ವಾಚಕರಿಗೆ ಕಲಿಸಬೇಕಾಗಿಲ್ಲ. ಆದರೂ ಮಕ್ಕಳ ವಿಷಯದಲ್ಲಿ ಅವರೇ ಲೆಕ್ಕ ಮರೆಯುತ್ತಾರೆ. ಹೊಳೆಗೆ ಸುರಿದರೂ ಅಳೆದು ಸುರಿ ಎಂದು ಹಿರಿಯರು ಹೇಳಿದ್ದಾರಲ್ಲವೇ? ಮಾತಿಗೆ, ಮೊದಲ ವರ್ಷದ ಶುಲ್ಕ ೩ ಲಕ್ಷ ಎಂದಿಟ್ಟುಕೊಳ್ಳಿ. ನಾಲ್ಕು ವರ್ಷಕ್ಕೆ ೧೨ ಲಕ್ಷ ಎಂದು ನೀವು ಕೂಡಿಸುತ್ತೀರಿ. ವರ್ಷಕ್ಕೆ ಶೇಕಡ ೧೦ ಏರಿಸುವೆವೆಂಬ ಸಣ್ಣ ಅಕ್ಷರದ ಷರತ್ತು ಇದ್ದರೆ ಅದು ೧೩ ಲಕ್ಷ ೯೨ ಸಾವಿರ ಆಗುತ್ತದೆ. ಹಾಸ್ಟೆಲು, ಊಟ, ಪರೀಕ್ಷಾ ಶುಲ್ಕ, ಠೇವಣಿ ಎಲ್ಲವೂ ಇದರ ಮೇಲೆ. ಇದರಲ್ಲಿ ೧೦ ಲಕ್ಷವನ್ನು ಶೇಕಡ ೧೦ರ ಬಡ್ಡಿಗೆ ಸಾಲ ತೆಗೆದು ಹತ್ತು ವರ್ಷಗಳಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು ೧೩,೨೦೦ ರೂಪಾಯಿ. ಗಿರಣಿಯ ಸಂಬಳದಲ್ಲಿ ಇದನ್ನು ಕಳೆದರೆ ಒಲೆ ಹೊತ್ತಿಸಲು ಏನು ಉಳಿಯುತ್ತದೆ? ಬ್ಯಾಂಕುಗಳ ಮಾದರಿ ಯೋಜನೆಯಂತೆ ಏಳೂವರೆ ಲಕ್ಷ ದಾಟಿದ ಸಾಲಕ್ಕೆ ಆಸ್ತಿಯ ಅಡವು ಬೇಕು. ಅಡವಿಲ್ಲದೆ ಸಾಲ ಕೊಡಿಸುವ ಕೇಂದ್ರದ ವಿದ್ಯಾಲಕ್ಷ್ಮಿ ಯೋಜನೆ ೨೦೨೪ರ ನವೆಂಬರಿನಲ್ಲಿ ಮಂಜೂರಾಯಿತು, ನಿಜ. ಆದರೆ ಅದು ಪಟ್ಟಿಯಲ್ಲಿರುವ ಮೇಲ್ದರ್ಜೆಯ ಸಂಸ್ಥೆಗಳಿಗೆ ಮಾತ್ರ. ನೀವು ಸೇರಿಸುವ ಸಂಸ್ಥೆ ಆ ಪಟ್ಟಿಯಲ್ಲಿದೆಯೇ ಎಂದು ಸೈಟಿನ ಕಾಗದ ಅಡವಿಡುವ ಮೊದಲು ನೋಡಿಕೊಳ್ಳಿ.

ಕಟ್ಟಿದ ಹಣ ಹಿಂದೆ ಬರುವುದೇ ಇಲ್ಲವೆಂದು ಹೆದರಿಸುವವರೂ ಇದ್ದಾರೆ. ಅದು ಸುಳ್ಳು. ಪ್ರವೇಶ ರದ್ದುಮಾಡಿದವರಿಗೆ ಶುಲ್ಕ ಮರಳಿಸಬೇಕೆಂದೂ, ಮೂಲ ಅಂಕಪಟ್ಟಿಗಳನ್ನು ಒತ್ತೆಯಿಟ್ಟುಕೊಳ್ಳಕೂಡದೆಂದೂ ಯು.ಜಿ.ಸಿ. ೨೦೧೮ರಲ್ಲಿ ಸ್ಪಷ್ಟವಾಗಿ ವಿಧಿಸಿದೆ. ೨೦೨೪-೨೫ರ ಸಾಲಿನಲ್ಲಿ ಸೆಪ್ಟೆಂಬರ್ ೩೦ರೊಳಗೆ ಬಿಟ್ಟವರಿಗೆ ಪೂರ್ತಿ ಹಣ, ಅಕ್ಟೋಬರ್ ೩೧ರೊಳಗೆ ಬಿಟ್ಟವರಿಗೆ ೧,೦೦೦ ರೂಪಾಯಿ ಮಾತ್ರ ಕಳೆದು ಉಳಿದದ್ದು ಕೊಡಬೇಕೆಂದಿತ್ತು. ರಸೀದಿ ಇಲ್ಲದೆ ಕೊಟ್ಟ ಹಣಕ್ಕೆ ಯಾವ ನಿಯಮವೂ ಕಾವಲಿಲ್ಲ.

ಕಟ್ಟಡದ ಗಾಜು ನೋಡಿ ಪಾಠದ ಗುಣ ಅಳೆಯಲಾಗದು. ಕಲಿಸುವವರು ಖಾಯಂ ಅಧ್ಯಾಪಕರೋ, ವರ್ಷವರ್ಷ ಬದಲಾಗುವವರೋ? ಒಂದು ತರಗತಿಯಲ್ಲಿ ಎಷ್ಟು ಮಂದಿ? ಮೊದಲ ವರ್ಷ ಸೇರಿದವರಲ್ಲಿ ಪದವಿ ಮುಗಿಸಿದವರೆಷ್ಟು? ಕೆಲಸ ಸಿಕ್ಕಿತೆಂದು ಸಾರುವಾಗ ಅತಿ ಹೆಚ್ಚಿನ ಸಂಬಳದ ಒಬ್ಬನ ಭಾವಚಿತ್ರ ಹಾಕುತ್ತಾರೆ. ನೂರು ಮಂದಿಯಲ್ಲಿ ಐವತ್ತನೆಯವನಿಗೆ ಏನು ಸಿಕ್ಕಿತು ಎಂದು ಕೇಳಿ. ಕಾನೂನು ಪದವಿಯಾದರೆ ಬಾರ್ ಕೌನ್ಸಿಲಿನ ಮಾನ್ಯತೆಯೂ, ಔಷಧ ವಿಜ್ಞಾನವಾದರೆ ಫಾರ್ಮಸಿ ಕೌನ್ಸಿಲಿನ ಮಾನ್ಯತೆಯೂ ಇದೆಯೇ ಎಂದು ಕಾಗದದಲ್ಲಿ ನೋಡಿ. ಅದಿಲ್ಲದಿದ್ದರೆ ಪದವಿ ಗೋಡೆಗೆ ತೂಗುಹಾಕಲು ಮಾತ್ರ.

ಹಾಗಾದರೆ ಮುದ್ರೆ ಒತ್ತುವವರು ಯಾರೂ ಇಲ್ಲವೇ? ಇದ್ದಾರೆ. ೧೯೯೪ರಲ್ಲಿ ಯು.ಜಿ.ಸಿ. ಸ್ಥಾಪಿಸಿದ ನ್ಯಾಕ್ ಮಂಡಳಿಯ ಕಚೇರಿ ನಾಗರಭಾವಿಯಲ್ಲಿ, ವಿಜಯನಗರಕ್ಕೆ ಕೂಗಳತೆಯಲ್ಲೇ ಇದೆ. ಆದರೆ ಅದರ ಇದುವರೆಗಿನ ಕ್ರಮದಂತೆ ಎರಡು ತಂಡ ಪದವಿ ಪಡೆಯುವ ತನಕ ಅಥವಾ ಆರು ವರ್ಷ ತುಂಬುವ ತನಕ ಹೊಸ ಸಂಸ್ಥೆ ಪರಿಶೀಲನೆಗೆ ಬರುವುದಿಲ್ಲ. ಅಂದರೆ ಮೊದಲು ಸೇರಿದ ಮಕ್ಕಳು ಮುದ್ರೆಯಿಲ್ಲದ ತಕ್ಕಡಿಯಲ್ಲೇ ತೂಗಿಸಿಕೊಳ್ಳಬೇಕು. ಮುದ್ರೆಯ ಮೇಲಾದರೂ ಪೂರ್ಣ ಭರವಸೆ ಇಡೋಣವೆಂದರೆ, ೨೦೨೫ರ ಫೆಬ್ರವರಿಯಲ್ಲಿ ಆಂಧ್ರದ ಗುಂಟೂರು ಜಿಲ್ಲೆಯ ಸಂಸ್ಥೆಯೊಂದಕ್ಕೆ ಒಳ್ಳೆಯ ಶ್ರೇಣಿ ಕೊಡಲು ಲಂಚ ನಡೆಯಿತೆಂಬ ಆರೋಪದ ಮೇಲೆ ಪರಿಶೀಲನಾ ತಂಡದವರನ್ನೇ ಸಿ.ಬಿ.ಐ. ಬಂಧಿಸಿತು.

ಸರಕಾರ ಮಾಡಬೇಕಾದ್ದು ಮೂರು. ಪೂರ್ತಿ ವ್ಯಾಸಂಗದ ಒಟ್ಟು ಖರ್ಚನ್ನು ಪ್ರವೇಶದ ದಿನವೇ ಕನ್ನಡದಲ್ಲಿ ಬರೆದು ಸಹಿ ಮಾಡಿಕೊಡುವಂತೆ ಪ್ರತಿ ವಿಶ್ವವಿದ್ಯಾನಿಲಯವನ್ನೂ ಕಟ್ಟುಪಡಿಸಬೇಕು. ಶೇಕಡ ೪೦ರ ಸೀಟುಗಳಲ್ಲಿ ತುಂಬಿದ್ದೆಷ್ಟು, ಖಾಲಿ ಬಿಟ್ಟದ್ದೆಷ್ಟು ಎಂಬ ಲೆಕ್ಕವನ್ನು ವರ್ಷವರ್ಷವೂ ಶಾಸನಸಭೆಯ ಮುಂದಿಡಬೇಕು. ಪರೀಕ್ಷೆಗೆ ಹೊರಗಿನ ಪರೀಕ್ಷಕರನ್ನು ನೇಮಿಸಬೇಕು. ಇವೆಲ್ಲಕ್ಕಿಂತ ಮುಖ್ಯವಾಗಿ, ತನ್ನ ಮನೆಯನ್ನು ತಾನು ಸರಿಪಡಿಸಿಕೊಳ್ಳಬೇಕು. ಸರಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಖಾಯಂ ಹುದ್ದೆಗಳು ಖಾಲಿ ಬಿದ್ದು, ಅತಿಥಿ ಉಪನ್ಯಾಸಕರಿಂದ ದಿನ ದೂಡಲಾಗುತ್ತಿದೆ. ಜಿಲ್ಲೆಗಳಲ್ಲಿ ಹೊಸದಾಗಿ ತೆರೆದ ಹತ್ತರಲ್ಲಿ ಒಂಬತ್ತನ್ನು ಮುಚ್ಚಬೇಕೆಂದು ೨೦೨೫ರ ಫೆಬ್ರವರಿಯಲ್ಲಿ ಸಂಪುಟದ ಉಪಸಮಿತಿಯೇ ಶಿಫಾರಸು ಮಾಡಿತು. ಹಣವಿಲ್ಲವೆಂಬುದು ಮುಖ್ಯ ಕಾರಣ. ಸಾರ್ವಜನಿಕ ಬಾಗಿಲನ್ನು ಹೀಗೆ ಮುಚ್ಚಿದರೆ ಖಾಸಗಿ ಬಾಗಿಲಿನ ಮುಂದೆ ಸಾಲು ನಿಲ್ಲದೆ ಜನ ಎಲ್ಲಿಗೆ ಹೋಗಬೇಕು?

ವಾಚಕರೇ, ಮಗಳು ಓದಲಿ ಎಂಬ ನಿಮ್ಮ ಆಸೆ ದೊಡ್ಡದು. ಆ ಆಸೆಯನ್ನೇ ಬಂಡವಾಳ ಮಾಡಿಕೊಳ್ಳುವವರಿಗೆ ಅವಕಾಶ ಕೊಡಬೇಡಿ. ಪ್ರಾವಿಡೆಂಟ್ ಫಂಡಿನ ಹಣ ತೆಗೆಯುವ ಮೊದಲು ಸಿ.ಇ.ಟಿ. ಸುತ್ತುಗಳು ಮುಗಿಯಲಿ. ಕೇಳಿದ ಪ್ರತಿ ಪ್ರಶ್ನೆಗೂ ಬರವಣಿಗೆಯಲ್ಲಿ ಉತ್ತರ ಪಡೆಯಿರಿ. ಒಬ್ಬರೇ ಹೋಗಬೇಡಿ, ಸಂಘದ ಕಚೇರಿಯಲ್ಲಿ ಕಾಗದ ಓದಬಲ್ಲವರೊಬ್ಬರನ್ನು ಕರೆದುಕೊಂಡು ಹೋಗಿ. ನಮ್ಮ ಕಾರ್ಮಿಕ ಸಂಘಗಳೂ ವರ್ತಕರ ಸಂಘಗಳೂ ಪ್ರವೇಶದ ತಿಂಗಳುಗಳಲ್ಲಿ ಇದಕ್ಕೆಂದೇ ಒಂದು ಮೇಜು ಹಾಕಿ ಕೂರಲಿ. ಅಂಗಡಿಯ ತಕ್ಕಡಿಗೆ ಮುದ್ರೆ ಕೇಳುವ ಹಕ್ಕು ಗಿರಾಕಿಗೆ ಇದ್ದರೆ, ಪದವಿಯ ತಕ್ಕಡಿಗೂ ಮುದ್ರೆ ಕೇಳುವ ಹಕ್ಕು ಅವನಿಗೆ ಇದೆ.