ಪ್ರಯೋಗ ಅವರದು, ಅಪಾಯ ಯಾರದು?

2025ರ ಜನವರಿ 16ರ ಸಂಜೆ ಕೆರಿಬಿಯನ್ ಭಾಗದ ಟರ್ಕ್ಸ್ ಮತ್ತು ಕೈಕೋಸ್ ದ್ವೀಪಗಳ ಮೇಲೆ ಬೆಂಕಿಯ ಗೆರೆಗಳು ಹರಿದವು. ಟೆಕ್ಸಾಸಿನಿಂದ ಏಳನೇ ಬಾರಿ ಪರೀಕ್ಷೆಗೆ ಹಾರಿದ್ದ ಸ್ಪೇಸ್‌ಎಕ್ಸ್ ಕಂಪನಿಯ ರಾಕೆಟ್ ಸ್ಟಾರ್‌ಶಿಪ್ ಚೂರಾಗಿತ್ತು. ಆ ದಾರಿಯಲ್ಲಿದ್ದ ವಿಮಾನಗಳು ದಿಕ್ಕು ಬದಲಿಸಿದವು. ದ್ವೀಪದಲ್ಲಿ ವಾಹನವೊಂದು ಜಖಂಗೊಂಡಿತು. ಯಶಸ್ಸು ಖಚಿತವಲ್ಲ, ಮನರಂಜನೆ ಮಾತ್ರ ಖಾತ್ರಿ ಎಂದು ಕಂಪನಿಯ ಮುಖ್ಯಸ್ಥ ಎಲಾನ್ ಮಸ್ಕ್ ಅಂದೇ ಬರೆದರು. ಮನರಂಜನೆ ಯಾರಿಗೆ?

ರಾಕೆಟ್ ಸಿಡಿಯುವುದು ಅಪರಾಧವೇನಲ್ಲ. 2023ರ ಏಪ್ರಿಲ್‌ನ ಮೊದಲ ಹಾರಾಟದಲ್ಲಿ 33 ಎಂಜಿನ್‌ಗಳ ಕೆಳಹಂತದ (ಬೂಸ್ಟರಿನ) ಜ್ವಾಲೆ ಉಡಾವಣಾ ವೇದಿಕೆಯ ಕಾಂಕ್ರೀಟನ್ನೇ ಕಿತ್ತು ಎಸೆದಿತ್ತು. ಆಮೇಲೆ ಅಲ್ಲಿಗೆ ನೀರು ಚಿಮ್ಮುವ ಉಕ್ಕಿನ ಹಾಸು ಬಂತು. 2024ರ ಅಕ್ಟೋಬರ್‌ನಲ್ಲಿ, ಮರಳಿ ಬಂದ ಬೂಸ್ಟರನ್ನು ಗೋಪುರದ ತೋಳುಗಳು ಗಾಳಿಯಲ್ಲೇ ಹಿಡಿದವು. ಸಿಡಿಸಿ ಕಲಿಯುವ ಈ ಪದ್ಧತಿಯನ್ನು ಹುಡುಗಾಟವೆಂದು ತಳ್ಳಿಹಾಕುವವರಿಗೆ ಅಲ್ಲಿ ಉತ್ತರವಿದೆ.

ತಕರಾರು ಇರುವುದು ಮುಂದಿನ ಅಧ್ಯಾಯದಲ್ಲಿ. ಏಳನೇ ಹಾರಾಟದ ತನಿಖೆ ಮುಗಿದೇ ಇರಲಿಲ್ಲ, ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ ಎಂಟನೆಯದಕ್ಕೆ ಅನುಮತಿ ಕೊಟ್ಟಿತು. (ತನಿಖೆ ನಡೆಸುವುದೂ ಸ್ಪೇಸ್‌ಎಕ್ಸೇ; ಎಫ್‌ಎಎಯದು ಮೇಲುಸ್ತುವಾರಿ.) ಮಾರ್ಚ್ 6ರಂದು ಹೆಚ್ಚುಕಡಿಮೆ ಅದೇ ಹಂತದಲ್ಲಿ ನೌಕೆ ಮತ್ತೆ ಕೈತಪ್ಪಿತು. ಮಯಾಮಿ, ಒರ್ಲ್ಯಾಂಡೊ ವಿಮಾನ ನಿಲ್ದಾಣಗಳಲ್ಲಿ ಸಂಚಾರಕ್ಕೆ ತಡೆ ಬಿತ್ತು.

ಎರಡಕ್ಕೂ ಕಾರಣ ಬೇರೆ ಬೇರೆ ಎಂದಿತು ಕಂಪನಿ: ಮೊದಲನೆಯದರಲ್ಲಿ ನಿರೀಕ್ಷೆ ಮೀರಿದ ಕಂಪನದಿಂದ ಇಂಧನ ಸೋರಿ ಬೆಂಕಿ, ಎರಡನೆಯದರಲ್ಲಿ ಎಂಜಿನ್ನಿನ ದೋಷ. ಹೊಸ ತಪ್ಪು ಮಾಡಿದ್ದಾರೆಂದರೆ ಹಳೆಯದರಿಂದ ಕಲಿತಿದ್ದಾರೆ ಎಂದು ಅಭಿಮಾನಿಗಳು ವಾದಿಸಬಹುದು. ಎಂಜಿನಿಯರುಗಳಿಗೆ ಒಪ್ಪುವ ಮಾತು. ಕೆಳಗೆ ಹಾರುತ್ತಿದ್ದ ವಿಮಾನದ ಪ್ರಯಾಣಿಕನಿಗೆ ಯಾವ ಕವಾಟ ಸೋರಿದರೇನು?

ಒಂಬತ್ತನೇ ಹಾರಾಟಕ್ಕೆ ಎಫ್‌ಎಎ ಅಪಾಯ ವಲಯವನ್ನು 885ರಿಂದ 1600 ನಾಟಿಕಲ್ ಮೈಲಿಗೆ ಹಿಗ್ಗಿಸಿತು, ವಿಮಾನ ದಟ್ಟಣೆ ಕಡಿಮೆಯಿರುವ ಹೊತ್ತಿನಲ್ಲೇ ಹಾರಿಸಬೇಕೆಂದಿತು. ಇಷ್ಟು ಬುದ್ಧಿ ಬರಲು ಎರಡು ಸ್ಫೋಟ ಬೇಕಾದವು.

ನಮ್ಮ ಇಸ್ರೋ ಉಡಾವಣೆ ನಡೆಸುವ ಶ್ರೀಹರಿಕೋಟಾದಲ್ಲಿ ಲೆಕ್ಕ ಬೇರೆ. ಧ್ರುವ ಕಕ್ಷೆಗೆ ಹೊರಟ ರಾಕೆಟ್ ಪಿಎಸ್‌ಎಲ್‌ವಿ ನೇರ ದಕ್ಷಿಣಕ್ಕೆ ಹೋಗುವುದಿಲ್ಲ. ಶ್ರೀಲಂಕಾದ ಮೇಲೆ ಹಾರದಂತೆ ಬಳಸಿ ತಿರುಗುತ್ತದೆ. ಆ ತಿರುವಿಗೆ ಇಂಧನ ಸುಡುತ್ತದೆ, ಒಯ್ಯಬಹುದಾದ ಉಪಗ್ರಹದ ತೂಕ ಇಳಿಯುತ್ತದೆ. ಪುಟ್ಟ ಎಸ್‌ಎಸ್‌ಎಲ್‌ವಿಗೆ ಆ ನಷ್ಟ ತಡೆಯದು. ತಮಿಳುನಾಡಿನ ಕುಲಶೇಖರಪಟ್ಟಿಣಂನಲ್ಲಿ ಆ ತಿರುವು ಬೇಡದಂತೆ ಹೊಸ ಉಡಾವಣಾ ಕೇಂದ್ರ ಕಟ್ಟಲು ಇದೇ ಕಾರಣ. ನೆರೆಯವರ ಸುರಕ್ಷತೆಯ ಖರ್ಚನ್ನು ಇಸ್ರೋ ತನ್ನ ತಕ್ಕಡಿಯಲ್ಲೇ ತೂಗಿಕೊಂಡಿದೆ.

ಸ್ಪೇಸ್‌ಎಕ್ಸ್ ವರ್ಷಕ್ಕೆ ಎಷ್ಟು ರಾಕೆಟ್‌ಗಳನ್ನಾದರೂ ಸುಡಲಿ. ಜನವಸತಿಯ ದ್ವೀಪಗಳ ಬಳಿ ಅವಶೇಷ ಉದುರಿದ ಮೇಲೆ ತನಿಖೆ ಮುಗಿಯುವ ತನಕ ಮುಂದಿನ ಅನುಮತಿ ಸಿಗಬಾರದು. ತಡವಾದ ವಿಮಾನಗಳ ನಷ್ಟದ ಬಿಲ್ಲು ಕಂಪನಿಗೇ ಹೋಗಬೇಕು.