ಹರಗೋಲನ್ನು ಕಂಡು ನಗಬೇಡಿ

 

ಹೋದ ವಾರ ಸಮಾಜ ಪಿರಿಯಡ್ಡಿನಲ್ಲಿ ಚೀನಾ ಹಡಗುಗಳ ವಿಷಯ ಬಂತು. ಝೆಂಗ್ ಹೇ ಎಂಬ ನಾಯಕ 1405ರಿಂದ 1433ರವರೆಗೆ ಏಳು ಸಲ ಸಮುದ್ರಯಾನ ನಡೆಸಿದ. ಮೊದಲನೇ ಸಲವೇ ಸುಮಾರು 27,000 ಜನರೊಂದಿಗೆ ಹೊರಟು ಕೇರಳದ ಕಲ್ಲಿಕೋಟೆ ತಲುಪಿದ್ದ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬ, "ನಮ್ ಹೊಳೇಲಿ ಇರೋದು ಮಂಕರಿ" ಅಂದ. ಎಲ್ಲರೂ ನಕ್ಕರು. ಸುಳ್ಳೇಕೆ ಹೇಳಲಿ, ನಾನೂ ನಕ್ಕೆ. ಮನೆಗೆ ಹೋದ ಮೇಲೆ ಯಾಕೋ ಸರಿ ಅನ್ನಿಸಲಿಲ್ಲ. ನಮ್ಮ ತಾತ ಹರಗೋಲು ಕಟ್ಟುತ್ತಿದ್ದವರು.

ಹರಗೋಲು ಮಂಕರಿ ಥರಾನೇ ಇದೆ, ಒಪ್ಪುತ್ತೇನೆ. 1520ರ ಸುಮಾರಿಗೆ ವಿಜಯನಗರ ನೋಡಿದ ಪೋರ್ಚುಗೀಸ್ ಪ್ರವಾಸಿ ಪೇಸ್ ಕೂಡ ಬುಟ್ಟಿಯಂಥ ದುಂಡನೆ ದೋಣಿ ಅಂತಲೇ ಬರೆದ. ಆದರೆ ಅದರಲ್ಲಿ 15-20 ಜನ, ಬೇಕಾದರೆ ಕುದುರೆ, ಎತ್ತು ಸಹ ದಾಟಬಹುದು ಅಂತಲೂ ಬರೆದ. ಬಿದಿರಿನ ದಬ್ಬೆ ಹೆಣೆದು ಹೊರಗೆ ಚರ್ಮ ಹೊದಿಸುತ್ತಿದ್ದರು. ಈಗ ಚರ್ಮದ ಬದಲು ಪ್ಲಾಸ್ಟಿಕ್ ಚೀಲ, ಟಾರು. ಮೊಣಕಾಲುದ್ದ ನೀರಲ್ಲೂ ತೇಲುತ್ತೆ. ದಾಟಿದ ಮೇಲೆ ಒಬ್ಬನೇ ಬೆನ್ನ ಮೇಲೆ ಹೊತ್ತುಕೊಂಡು ಹೋಗಬಹುದು. ಹೇಮಾವತಿಯ ಬಂಡೆಗಳ ನಡುವೆ ಚೀನಾ ಹಡಗು ತಂದು ಬಿಡಿ ನೋಡೋಣ!

ಹಾಗಂತ ನಮ್ಮದೇ ಮೇಲು ಅನ್ನುವುದಿಲ್ಲ. ಚೀನಾದವರು ಹಡಗಿನ ಒಳಗೆ ಅಡ್ಡಗೋಡೆ ಹಾಕಿ ಕೋಣೆ ಮಾಡುತ್ತಿದ್ದರು. ಎಲ್ಲಾದರೂ ತೂತಾದರೆ ಆ ಕೋಣೆಗೆ ಮಾತ್ರ ನೀರು. 1974ರಲ್ಲಿ ಕ್ವಾನ್‌ಝೌ ಕೊಲ್ಲಿಯ ಕೆಸರಿನಿಂದ ತೆಗೆದ 13ನೇ ಶತಮಾನದ ಹಡಗಿನಲ್ಲಿ ಅಂಥ 13 ಕೋಣೆಗಳಿದ್ದವು. ಬಿದಿರಿನ ಗೆಣ್ಣು ನೋಡಿ ಈ ಉಪಾಯ ಹೊಳೆದಿರಬಹುದಂತೆ. ಬಿದಿರು ನಮ್ಮಲ್ಲೂ ಇತ್ತಲ್ಲ!

ನಮ್ಮ ಹರಗೋಲಿಗೆ ಒಂದೇ ಹೊಟ್ಟೆ. ತೂತಾದರೆ, ಎಲ್ಲರೂ ಒಂದೇ ಪಕ್ಕಕ್ಕೆ ವಾಲಿದರೆ ಮುಗೀತು. ಕಳೆದ ಮಳೆಗಾಲದಲ್ಲಿ ಅಮ್ಮನ ಜೊತೆ ಆಚೆ ದಡಕ್ಕೆ ಹೋಗುವಾಗ ಎಣಿಸಿದೆ. 14 ಜನ, 2 ಮೂಟೆ ರಾಗಿ, ಒಂದು ಸೈಕಲ್ಲು. ಅಂಚಿಗೂ ನೀರಿಗೂ ನಾಲ್ಕೇ ಬೆರಳು. ಅಮ್ಮ ನನ್ನ ಕೈ ಬಿಡಲೇ ಇಲ್ಲ. 1979ರಲ್ಲಿ ಗೊರೂರು ಅಣೆಕಟ್ಟು ಆದ ಮೇಲೆ ಹೊಳೆ ಯಾವಾಗ ಏರುತ್ತೆ ಅಂತ ಕಣ್ಣಂದಾಜಿಗೆ ಸಿಗಲ್ಲ ಅಂತ ತಾತ ಹೇಳುತ್ತಿದ್ದರು. ಅವರು ಇದ್ದಿದ್ದರೆ "ಇಳೀರ್ರಪ್ಪಾ" ಅಂತ ಗದರಿ ಅರ್ಧ ಜನರನ್ನು ಇಳಿಸುತ್ತಿದ್ದರು.

ಕಡವಿನಲ್ಲಿ ಇಷ್ಟೇ ಜನ ಹತ್ತಬೇಕು ಅಂತ ಪಂಚಾಯ್ತಿಯವರು ಬೋರ್ಡು ಹಾಕಿಸಬೇಕು, ಲೈಫ್ ಜಾಕೆಟ್ ಇಡಿಸಬೇಕು ಅನ್ನುವುದು ನನ್ನ ಅಭಿಪ್ರಾಯ. ಹೊಳೆ ದಾಟಿ ಬರುವ ನಾಲ್ವರು ನಮ್ಮ ತರಗತಿಯಲ್ಲೇ ಇದ್ದಾರೆ. ಅರ್ಜಿ ಬರೆದು ಇಟ್ಟಿದ್ದೇನೆ. ಸಹಿ ಹಾಕುವವರು ಊಟದ ಬಿಡುವಿನಲ್ಲಿ ಬನ್ನಿ. ಮಂಕರಿ ಅಂದವನೂ ಬರಲಿ, ಅವನೂ ಆಚೆ ದಡದವನೇ.

– 9ನೇ ತರಗತಿ ವಿದ್ಯಾರ್ಥಿನಿ, ಹೊಳೆನರಸೀಪುರ ತಾಲ್ಲೂಕು